ನಗಬಾರದ ಕಡೆ ಕೇಳಿಸುವ ನಗು

ಸೋಫಾದ ಮೇಲೆ ಒಂದು ಮೊಲ ಕೂತಿದೆ. ಅದರ ಹಿಂದೆ ಇನ್ನೊಂದು ಮೊಲ ಬಟ್ಟೆಗೆ ಇಸ್ತ್ರಿ ಹಾಕುತ್ತಿದೆ. ಹೊರಗೆ ಮಳೆ, ಬಿಡುವ ಲಕ್ಷಣವೇ ಇಲ್ಲ. ಬಾಗಿಲು ತೆರೆದು ಸೂಟು ತೊಟ್ಟ ಮೂರನೆಯ ಮೊಲ ಒಳಗೆ ಬಂದದ್ದೇ ತಡ, ಕಣ್ಣಿಗೆ ಕಾಣದ ಸಭಿಕರಿಂದ ಜೋರು ಚಪ್ಪಾಳೆ. ಮುಂದೊಮ್ಮೆ ಒಂದು ಮೊಲ ಗಂಟೆ ಎಷ್ಟಾಯಿತೆಂದು ಕೇಳುತ್ತದೆ. ಸಭಿಕರು ಘೊಳ್ಳೆಂದು ನಗುತ್ತಾರೆ. ಆ ಮಾತಿನಲ್ಲಿ ನಗುವಂಥದ್ದೇನೂ ಇಲ್ಲ.

ಅಮೆರಿಕದ ನಿರ್ದೇಶಕ ಡೇವಿಡ್ ಲಿಂಚ್ 2002ರಲ್ಲಿ ಮಾಡಿದ ‘ರ‍್ಯಾಬಿಟ್ಸ್’ ಎಂಬ ಕಿರು ಕಂತುಗಳ ಸರಣಿ ಇದು. ಮೊಲದ ಮುಖವಾಡದೊಳಗೆ ಇರುವವರು ನಯೋಮಿ ವಾಟ್ಸ್‌ರಂಥ ನಟರು. ಮಳೆಗಾಲದ ಆಟಿ ತಿಂಗಳ ಒಂದು ಸಂಜೆ ಉಡುಪಿಯ ಯಾವುದಾದರೂ ಮಹಡಿ ಕೋಣೆಯಲ್ಲಿ ಇಪ್ಪತ್ತು ಮಂದಿಗೆ ಇದನ್ನು ತೋರಿಸಿ ದೀಪ ಹಾಕಿದರೆ ಏನಾದೀತೆಂದು ಊಹಿಸುವುದು ಕಷ್ಟವಲ್ಲ. ಒಂದಷ್ಟು ಜನ “ಎಂತ ಸಾವು ಮಾರಾಯ್ರೆ ಇದು” ಎಂದು ಕೊಡೆ ಹುಡುಕುತ್ತಾರೆ. ಇನ್ನೊಂದಷ್ಟು ಜನ ಕೂತಲ್ಲಿಂದ ಏಳುವುದಿಲ್ಲ. “ಪರವಾಗಿಲ್ಲ, ನೋಡಬಹುದು” ಎನ್ನುವವರು ಮಾತ್ರ ಸಿಗುವುದು ಅಪರೂಪ.

ಇಂಥ ಸಿನಿಮಾಗಳ ಬಗ್ಗೆ ಜನ ಹೀಗೆ ಎರಡು ಹೋಳಾಗುವುದನ್ನು ನಾವು ಸಾಮಾನ್ಯವಾಗಿ ಅಭಿರುಚಿಯ ಲೆಕ್ಕಕ್ಕೆ ಹಾಕುತ್ತೇವೆ. ಮೆಚ್ಚಿದವರು ಜಾಣರು, ಬೈದವರು ದಡ್ಡರು. ಅಥವಾ ಮೆಚ್ಚಿದವರು ಬರೀ ಸೋಗಿನವರು. ಎರಡೂ ಸೋಮಾರಿ ವಿವರಣೆಗಳು. ಮಿದುಳು, ಕಿವಿ, ಕೂತ ಜಾಗ, ಪಕ್ಕದಲ್ಲಿ ಕೂತವರ ಬಾಯಿ, ಇವಿಷ್ಟಕ್ಕೂ ಈ ಒಡಕಿನಲ್ಲಿ ಪಾಲುಂಟು.

ಮೊದಲು ಮಿದುಳು. “ಮಳೆ ಬಂತೆಂದು ಅವಳು ಕೊಡೆ ತಿಂದಳು.” ಈ ವಾಕ್ಯದ ಕೊನೆಯ ಪದಕ್ಕೆ ಬಂದಾಗ ಏನೋ ತಡವರಿಸಿತಲ್ಲ? ಆ ತಡವರಿಕೆಯನ್ನು ಅಳೆಯಬಹುದು. 1980ರಲ್ಲಿ ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್ ಓದುಗರ ತಲೆಗೆ ಎಲೆಕ್ಟ್ರೋಡ್ ಅಂಟಿಸಿ, ಹೊಂದದ ಪದ ಕಂಡ ಸುಮಾರು 400 ಮಿಲಿಸೆಕೆಂಡಿಗೆ ಮಿದುಳಿನ ವಿದ್ಯುತ್ ಅಲೆ ಋಣ ದಿಕ್ಕಿಗೆ ಇಳಿಯುವುದನ್ನು ತೋರಿಸಿದರು. ಅದಕ್ಕೆ ಎನ್400 ಎಂದು ಹೆಸರು. ಮಿದುಳು ಮುಂದಿನದನ್ನು ಮೊದಲೇ ಅಂದಾಜು ಮಾಡಿಟ್ಟುಕೊಂಡಿರುತ್ತದೆ. ಅಂದಾಜು ತಪ್ಪಿದಾಗ ದುಡಿಮೆ ಹೆಚ್ಚುತ್ತದೆ. ಕ್ರಿಯಾಪದವನ್ನು ವಾಕ್ಯದ ತುದಿಗೆ ಇಡುವ ಕನ್ನಡದಲ್ಲಿ ಈ ಪೆಟ್ಟು ಬೀಳುವುದೂ ತುದಿಯಲ್ಲೇ. ಒಂದು ವಾಕ್ಯವಾದರೆ ನಕ್ಕು ಮುಂದೆ ಹೋಗುತ್ತೇವೆ. ಪ್ರತಿ ಪ್ರಶ್ನೆಗೂ ಸಂಬಂಧವಿಲ್ಲದ ಉತ್ತರ, ಪ್ರತಿ ಉತ್ತರಕ್ಕೂ ಸಂಬಂಧವಿಲ್ಲದ ನಗು ಅರ್ಧ ಗಂಟೆ ಸುರಿದರೆ?

ಬರೀ ವಿಚಿತ್ರವೆಂದ ಮಾತ್ರಕ್ಕೆ ಕಸಿವಿಸಿ ಆಗಬೇಕೆಂದಿಲ್ಲ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಕ್ಷಗಾನದ ಬಣ್ಣದ ವೇಷ, ಅಂದರೆ ರಕ್ಕಸನ ವೇಷ, ಈ ಮೊಲಗಳಿಗಿಂತ ಎಷ್ಟೋ ಪಾಲು ಭಯಂಕರ. ಅಕ್ಕಿಹಿಟ್ಟು, ಸುಣ್ಣ ಕಲಸಿ ಇಟ್ಟ ಚಿಟ್ಟಿಯ ಮುಳ್ಳುಗಳು ಮುಖದಿಂದಲೇ ಮೊಳೆತಂತೆ ಕಾಣುತ್ತವೆ. ದೊಂದಿಗೆ ರಾಳ ಎರಚಿದಾಗ ಬೆಂಕಿ ಭಗ್ಗೆನ್ನುತ್ತದೆ. ತೆರೆಯ ಹಿಂದಿನಿಂದ ಅಬ್ಬರ. ಮಗು ಅಜ್ಜಿಯ ಸೆರಗಿನೊಳಗೆ ನುಗ್ಗುತ್ತದೆ, ಆದರೆ ಗೊಂದಲಕ್ಕೆ ಬೀಳುವುದಿಲ್ಲ. ರಕ್ಕಸ ಬರುವ ಹೊತ್ತು ಯಾವುದು, ಚೆಂಡೆ ಎಲ್ಲಿ ಏರುತ್ತದೆ, ಹಾಸ್ಯಗಾರ ಎಲ್ಲಿ ನುಗ್ಗುತ್ತಾನೆ, ಎಲ್ಲಕ್ಕೂ ಚೌಕಟ್ಟು ಉಂಟು. ಅಭಿಮನ್ಯು ಚಕ್ರವ್ಯೂಹದಲ್ಲಿ ಬಿದ್ದ ಗಳಿಗೆಗೆ ಹಾಸ್ಯಗಾರ ಬಂದು ಕೇಕೆ ಹಾಕಿದರೆ, ಭಾಗವತರು ಏನೂ ಆಗದವರಂತೆ ತಾಳ ಮುಂದುವರಿಸಿದರೆ ಹೇಗಿದ್ದೀತೋ, ‘ರ‍್ಯಾಬಿಟ್ಸ್’ನ ನಗು ಹಾಗೆ. ಭಯ ಮೊಲದ ಮುಖದಲ್ಲಿಲ್ಲ, ತಪ್ಪು ಜಾಗದ ಚಪ್ಪಾಳೆಯಲ್ಲಿದೆ.

ಈ ಕಸಿವಿಸಿ ಬರೀ ಸಿನಿಮಾದ ಮಾತಾಗಿ ಮುಗಿಯುತ್ತದೆಯೇ? 2013ರಲ್ಲಿ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಡೇನಿಯಲ್ ರ‍್ಯಾಂಡಲ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದು ಇದೇ ಮೊಲಗಳನ್ನು ಬಳಸಿಕೊಂಡಿತು. ಕೆಲವರಿಗೆ 1000 ಮಿಲಿಗ್ರಾಂ ಪ್ಯಾರಾಸಿಟಮಾಲ್, ಅಂದರೆ ನಮ್ಮ ಮಾಮೂಲಿ 500ರ ಎರಡು ಮಾತ್ರೆಯಷ್ಟು. ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ. ಆಮೇಲೆ ಕೆಲವರಿಗೆ ‘ರ‍್ಯಾಬಿಟ್ಸ್’ನ ತುಣುಕು, ಕೆಲವರಿಗೆ ‘ದಿ ಸಿಂಪ್ಸನ್ಸ್’ ಕಾರ್ಟೂನು. ಕೊನೆಗೆ ಒಂದು ಪ್ರಶ್ನೆ: ವ್ಯಾಂಕೂವರಿನಲ್ಲಿ ಹಾಕಿ ಪಂದ್ಯದ ನಂತರ ಗಲಭೆ ಮಾಡಿದವರಿಗೆ ಎಷ್ಟು ಶಿಕ್ಷೆ ಆಗಬೇಕು? ಹುಸಿ ಮಾತ್ರೆ ನುಂಗಿ ಮೊಲ ನೋಡಿದವರು ಹೆಚ್ಚು ಕಠಿಣರಾದರು. ಪ್ಯಾರಾಸಿಟಮಾಲ್ ನುಂಗಿ ಅದನ್ನೇ ನೋಡಿದವರಲ್ಲಿ ಆ ಕಠಿಣತೆ ಕಾಣಲಿಲ್ಲ.

ಅರ್ಥ ಕೈಕೊಟ್ಟಾಗ ಆಗುವ ಕಿರಿಕಿರಿ ನೋವಿನ ದಾರಿಯಲ್ಲೇ ಎಲ್ಲೋ ಸಾಗುತ್ತಿರಬಹುದು, ಅದನ್ನು ಸರಿದೂಗಿಸಲು ಮನಸ್ಸು ತನಗೆ ಗೊತ್ತಿರುವ ನಂಬಿಕೆಯನ್ನು ಬಿಗಿಯಾಗಿ ಹಿಡಿಯುತ್ತದೆ ಎಂಬುದು ಸಂಶೋಧಕರ ಊಹೆ. ಅವರು ಮಿದುಳಿನ ಚಿತ್ರ ತೆಗೆದಿರಲಿಲ್ಲ, ಬರೀ ಉತ್ತರಗಳನ್ನು ಅಳೆದಿದ್ದರು. ಒಂದು ಪ್ರಯೋಗ ಒಂದೇ ಪ್ರಯೋಗ. (ಮಾತ್ರೆ ನುಂಗಿ ಸಿನಿಮಾಕ್ಕೆ ಹೋಗಿ ಎಂದು ಯಾರೂ ಹೇಳುತ್ತಿಲ್ಲ, ಮಾತ್ರೆ ಹೆಚ್ಚಾದರೆ ಪೆಟ್ಟು ತಿನ್ನುವ ಯಕೃತ್ತಿಗೆ ಸಿನಿಮಾ ಗೊತ್ತಿಲ್ಲ.) ಆದರೂ ಈ ಊಹೆ ಸರಿಯಾದರೆ ನಮ್ಮ ಒಡಕಿಗೆ ಒಂದು ದಾರಿ ತೋರುತ್ತದೆ. “ಇದು ಸಿನಿಮಾವೇ ಅಲ್ಲ” ಎಂಬುದೂ “ಇದು ಮಹಾಕೃತಿ” ಎಂಬುದೂ ಒಂದೇ ಕಸಿವಿಸಿಯಿಂದ ಪಾರಾಗಲು ಹಿಡಿದ ಎರಡು ಕೈಗಂಬಿಗಳು. ನಡುವೆ ನಿಂತರೆ ಹಿಡಿಯಲು ಏನೂ ಇಲ್ಲ. ಯಾರು ಎಷ್ಟು ಬೇಗ ಕಂಬಿ ಹಿಡಿಯುತ್ತಾರೆ ಎಂಬುದರಲ್ಲಿ ಸ್ವಭಾವಕ್ಕೂ ಪಾಲಿರಬಹುದು: ಬೇಗ ತೀರ್ಮಾನ ಬೇಕೆನ್ನುವ ಹಂಬಲ ಒಬ್ಬೊಬ್ಬರಿಗೆ ಒಂದೊಂದು ಮಟ್ಟದಲ್ಲಿ ಇರುತ್ತದೆ. ಅದನ್ನು ಅಳೆಯಲು ವೆಬ್‌ಸ್ಟರ್ ಮತ್ತು ಕ್ರುಗ್ಲಾನ್‌ಸ್ಕಿ 1994ರಲ್ಲಿ 42 ಹೇಳಿಕೆಗಳ ಒಂದು ಪ್ರಶ್ನಾವಳಿಯನ್ನೇ ಪ್ರಕಟಿಸಿದರು.

ಇನ್ನು ಕಣ್ಣು. ಉರಿ ಹ್ಯಾಸನ್ ಮತ್ತು ಸಂಗಡಿಗರು ಜನರನ್ನು ಮಿದುಳಿನ ಚಟುವಟಿಕೆ ತೋರಿಸುವ ಎಫ್‌ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ದೃಶ್ಯ ತೋರಿಸಿ, ಅವರ ಮಿದುಳುಗಳು ಎಷ್ಟರ ಮಟ್ಟಿಗೆ ಒಂದೇ ತಾಳಕ್ಕೆ ಓಡುತ್ತವೆಂದು 2008ರಲ್ಲಿ ಲೆಕ್ಕ ಕೊಟ್ಟರು. ರೋಚಕ ಸಿನಿಮಾಗಳ ನಿರ್ದೇಶಕ ಹಿಚ್‌ಕಾಕ್‌ರ ಟಿವಿ ಕಂತೊಂದು ಮಿದುಳಿನ ಹೊರಪದರದ 65 ಶೇಕಡಕ್ಕೂ ಹೆಚ್ಚು ಭಾಗವನ್ನು ಪ್ರೇಕ್ಷಕರ ನಡುವೆ ಏಕತಾಳಕ್ಕೆ ತಂದಿತು. ಪಾರ್ಕಿನಲ್ಲಿ ಕ್ಯಾಮೆರಾ ಇಟ್ಟು ಸುಮ್ಮನೆ ಚಿತ್ರಿಸಿದ, ಸಂಕಲನವೇ ಇಲ್ಲದ ದೃಶ್ಯಕ್ಕೆ ಇದು 5 ಶೇಕಡದ ಆಸುಪಾಸು. ‘ರ‍್ಯಾಬಿಟ್ಸ್’ ಹೆಚ್ಚುಕಡಿಮೆ ಒಂದೇ ಕೋಣೆ, ದೂರದಲ್ಲಿ ನೆಟ್ಟ ಕ್ಯಾಮೆರಾ. ಎಲ್ಲಿ ನೋಡಬೇಕೆಂದು ಹೇಳುವ ಕತ್ತರಿ ಇಲ್ಲದಾಗ ಒಬ್ಬರು ಬಾಗಿಲು ನೋಡುತ್ತಾರೆ, ಒಬ್ಬರು ಇಸ್ತ್ರಿ, ಇನ್ನೊಬ್ಬರು ನಾಳೆಯ ಬಂಗುಡೆ ರೇಟು ಎಣಿಸುತ್ತಾರೆ.

ಎಲ್ಲಕ್ಕಿಂತ ಕಡೆಗಣನೆಗೆ ಸಿಕ್ಕಿದ್ದು ಸದ್ದು. ಲಿಂಚ್‌ರ ಚಿತ್ರಗಳಲ್ಲಿ ಕೆಳಸ್ಥಾಯಿಯ ಗುಂಯ್‌ಗುಟ್ಟುವಿಕೆ ಒಂದು ಪಾತ್ರದಷ್ಟೇ ಮುಖ್ಯ. ಮೊಬೈಲಿನ ಪುಟ್ಟ ಸ್ಪೀಕರ್ ಸೆಕೆಂಡಿಗೆ 200 ಕಂಪನ, ಅಂದರೆ 200 ಹರ್ಟ್ಸ್‌ಗಿಂತ ಕೆಳಗಿನದನ್ನು ಹೆಸರಿಗಷ್ಟೇ ನುಡಿಸುತ್ತದೆ. ಅದರಲ್ಲಿ ನೋಡಿ “ಹೆದರಿಕೆ ಎಂಥದೂ ಇಲ್ಲ” ಎಂದವರು ಸುಳ್ಳು ಹೇಳುತ್ತಿಲ್ಲ. ಅವರು ನೋಡಿದ್ದೇ ಬೇರೆ ಸಿನಿಮಾ.

ಕೋಣೆಯಲ್ಲಿ ತೋರಿಸಿದರೂ ಪೂರ್ತಿ ಪಾರಾಗುವುದಿಲ್ಲ. 7 ಮೀಟರ್ ಉದ್ದದ ಕೋಣೆ ಎಂದಿಟ್ಟುಕೊಳ್ಳಿ. ನಮ್ಮ ಸೆಕೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 347 ಮೀಟರ್. ಎದುರುಬದುರು ಗೋಡೆಗಳ ನಡುವೆ ಸದ್ದು ಹಿಂದೆಮುಂದೆ ಪುಟಿದು ನಿಲ್ಲುವ ಅಲೆಗಳಲ್ಲಿ ಎರಡನೆಯದರ ಆವೃತ್ತಿ 347ನ್ನು 7ರಿಂದ ಭಾಗಿಸಿದಷ್ಟು, ಅಂದರೆ 50 ಹರ್ಟ್ಸ್‌ಗೆ ಕೂದಲೆಳೆ ಕಡಿಮೆ. ಈ ಅಲೆಗೆ ಗೋಡೆಗಳ ಬಳಿ ಮತ್ತು ನಟ್ಟನಡುವೆ ಒತ್ತಡ ಗರಿಷ್ಠ. ಎರಡೂ ಗೋಡೆಗಳಿಂದ 1.75 ಮೀಟರ್ ದೂರದಲ್ಲಿ ಕನಿಷ್ಠ. ನಡುಸಾಲಿನವರ ಎದೆ ಅದುರುವಾಗ ಮುಂದಿನ ಸಾಲಿನವರು ಆಕಳಿಸುತ್ತಿರಬಹುದು. ಹಾಗಾಗಿ ಕುರ್ಚಿಗಳನ್ನು ಆ ಎರಡು ಗೆರೆಗಳಿಂದ ಸರಿಸಿ ಹಾಕುವುದು ಮೇಲು.

ಇನ್ನೊಂದು ಎಡವಟ್ಟು ನಮ್ಮ ವಿದ್ಯುತ್ತಿನದು. ಸರಬರಾಜೂ 50 ಹರ್ಟ್ಸ್. ಪ್ರೊಜೆಕ್ಟರ್ ಒಂದು ಸಾಕೆಟ್ಟಿಗೆ, ಆಂಪ್ಲಿಫೈಯರ್ ಕೋಣೆಯ ಆಚೆ ಬದಿಯ ಸಾಕೆಟ್ಟಿಗೆ ಸಿಕ್ಕಿಸಿದರೆ ಎರಡು ಅರ್ತಿಂಗ್‌ಗಳ ನಡುವೆ ಸುತ್ತು ಏರ್ಪಟ್ಟು ಸ್ಪೀಕರಿನಲ್ಲಿ 50, 100 ಹರ್ಟ್ಸ್‌ನ ಗುಂಯ್ ಕೂರಬಹುದು. ಜನ ಅದನ್ನೇ ನಿರ್ದೇಶಕರ ಪ್ರತಿಭೆ ಎಂದು ಹೊಗಳುತ್ತಾರೆ. ಪರೀಕ್ಷೆ ಸುಲಭ: ಸಿನಿಮಾ ನಿಲ್ಲಿಸಿ. ಗುಂಯ್ ನಿಲ್ಲದಿದ್ದರೆ ಅದು ಲಿಂಚ್‌ರದ್ದಲ್ಲ. ಎರಡನ್ನೂ ಒಂದೇ ಬೋರ್ಡಿಗೆ ತಂದರೆ ಹೆಚ್ಚಿನ ಸಲ ಹೋಗುತ್ತದೆ. ಅರ್ತಿಂಗ್ ಪಿನ್ನು ಮುರಿಯುವ ಹಳೇ ಉಪಾಯಕ್ಕೆ ಮಾತ್ರ ಹೋಗಬೇಡಿ, ಜೀವಕ್ಕೆ ಅಪಾಯ. ಮೊಬೈಲ್ ಆ್ಯಪಿನಲ್ಲಿ ಸದ್ದು ಅಳೆಯುವವರು ಗಮನಿಸಬೇಕು: ಅವು ಸಾಮಾನ್ಯವಾಗಿ ತೋರಿಸುವ, ಕಿವಿಯ ಸೂಕ್ಷ್ಮತೆಗೆ ಹೊಂದಿಸಿದ ‘ಎ’ ತೂಕದ ಅಳತೆ 50 ಹರ್ಟ್ಸ್ ಸದ್ದನ್ನು 30 ಡೆಸಿಬೆಲ್‌ನಷ್ಟು ತಗ್ಗಿಸಿ ಹೇಳುತ್ತದೆ. ತಗಡಿನ ಮಾಡಿನಡಿ ಜುಲೈಯಲ್ಲಿ ಪ್ರದರ್ಶನ ಇಟ್ಟುಕೊಂಡರೆ ಈ ಯಾವ ಲೆಕ್ಕವೂ ಬೇಡ, ಮಳೆಯೇ ಸಿನಿಮಾ.

ಅಭಿಪ್ರಾಯ ಕೇಳುವುದರಲ್ಲೂ ಕ್ರಮ ಇದೆ. ಕತ್ತಲ ಕೋಣೆಯಲ್ಲಿ ಅಲುಗದ ಬೆಳಕಿನ ಚುಕ್ಕಿಯೊಂದು ಅಲುಗಿದಂತೆ ಕಾಣುತ್ತದೆ. ಎಷ್ಟು ಅಲುಗಿತೆಂದು ಮುಜಫರ್ ಶರೀಫ್ 1935ರ ಪ್ರಯೋಗದಲ್ಲಿ ಕೇಳಿದಾಗ, ಒಬ್ಬೊಬ್ಬರೇ ಇದ್ದಾಗ ಒಂದೊಂದು ಉತ್ತರ. ಗುಂಪಿನಲ್ಲಿ ಕೇಳಿದಾಗ ಉತ್ತರಗಳು ಹತ್ತಿರ ಹತ್ತಿರ ಬಂದವು, ಆಮೇಲೆ ಒಬ್ಬರೇ ಕೂತಾಗಲೂ ಅಲ್ಲೇ ಉಳಿದವು. ಅರ್ಥ ಸ್ಪಷ್ಟವಿಲ್ಲದ ಸಿನಿಮಾ ಈ ಚುಕ್ಕಿಯ ಹಾಗೆ. ಮೊದಲು ಮೈಕ್ ಹಿಡಿದವರು ಹೇಳಿದ್ದೇ ಸಭೆಯ ಅಭಿಪ್ರಾಯವಾಗುತ್ತದೆ. ಆದ್ದರಿಂದ ಚಿತ್ರ ಮುಗಿದ ಕೂಡಲೇ, ಚಾ ಬರುವ ಮೊದಲು, ಚೀಟಿ ಹಂಚಿ 10 ನಿಮಿಷ ಯಾರೂ ಮಾತಾಡದೆ ಬರೆಯಬೇಕು. ಎರಡು ಅಂಕ, ಎರಡೂ 1ರಿಂದ 7ರೊಳಗೆ: ಎಷ್ಟು ಹಿಡಿಸಿತು, ಎಷ್ಟು ಕಾಡಿತು. ಇವನ್ನು ಒಂದಾಗಿ ಕೇಳಿದರೆ ಕೆಟ್ಟಿತು. ಗಾಂಧಾರಿ ಮೆಣಸು ಉರಿಯುತ್ತದೆಯೇ ಎನ್ನುವುದೂ ಇಷ್ಟವೇ ಎನ್ನುವುದೂ ಬೇರೆ ಬೇರೆ ಪ್ರಶ್ನೆಗಳು.

ಆಮೇಲೆ ಸರಾಸರಿ ತೆಗೆಯುವ ಚಪಲ ಬಿಡಬೇಕು. 20 ಚೀಟಿಗಳಲ್ಲಿ 9 ಜನ 1 ಕೊಟ್ಟು, 9 ಜನ 7 ಕೊಟ್ಟು, ಇಬ್ಬರು 4 ಕೊಟ್ಟರೆ ಸರಾಸರಿ 4. ಹದಿನೆಂಟು ಜನರಿಗೆ ಅನಿಸದ್ದನ್ನು ಆ ಸಂಖ್ಯೆ ಹೇಳುತ್ತದೆ. ಗ್ರಾಫ್ ಹಾಳೆಯಲ್ಲಿ ಒಂದೊಂದು ಚೀಟಿಗೆ ಒಂದು ಚುಕ್ಕಿ ಇಟ್ಟರೆ ಎರಡು ದಿಬ್ಬಗಳು ತಾವಾಗಿ ಕಾಣುತ್ತವೆ.

ವಾರ ಕಳೆದ ಮೇಲೆ, ಹಳೆಯ ಚೀಟಿ ತೋರಿಸದೆ, ಅದೇ ಜನರಿಂದ ಇನ್ನೊಮ್ಮೆ ಅಂಕ ಪಡೆಯಿರಿ. ಜೊತೆಗೆ ಕತೆಯನ್ನು ಐದು ಸಾಲಿನಲ್ಲಿ ಬರೆಸಿ. ಫ್ರೆಡ್ರಿಕ್ ಬಾರ್ಟ್ಲೆಟ್ 1932ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅಮೆರಿಕದ ಮೂಲನಿವಾಸಿಗಳ ಒಂದು ಅಪರಿಚಿತ ಕತೆ ಓದಿದ ಇಂಗ್ಲಿಷರು ಅದನ್ನು ನೆನೆಯುತ್ತ ನೆನೆಯುತ್ತ ತಮಗೆ ಅರ್ಥವಾಗುವಂತೆ ತಿದ್ದಿಬಿಟ್ಟಿದ್ದರು: ದೆವ್ವಗಳು ಮಾಯ, ಸೀಲ್ ಬೇಟೆ ಹೋಗಿ ಮೀನುಗಾರಿಕೆ. ನಿಮ್ಮ ಐದು ಸಾಲುಗಳಲ್ಲಿ ಮೊದಲು ಹುಡುಕಬೇಕಾದದ್ದು ಆ ನಗುವನ್ನು. ಗಂಟೆ ಕೇಳಿದಲ್ಲೇ ಉಳಿದಿದೆಯೋ, ಇಲ್ಲ, ಮೊಲಗಳು ಎಂದೂ ಆಡದ ಯಾವುದೋ ತಮಾಷೆಯ ಮಾತಿನ ಹಿಂದೆ ಹೋಗಿ ಕೂತಿದೆಯೋ.