ನೆಲಕ್ಕಂಟಿದ ಒಂದು ಕಿಲೋಮೀಟರ್: ಸುಂಟರಗಾಳಿಯ ಮುನ್ಸೂಚನೆ ಎಡವುವುದೆಲ್ಲಿ?

ಏಪ್ರಿಲ್, ಮೇ ಬಂತೆಂದರೆ ಅಮೆರಿಕದ ಒಕ್ಲಹೋಮ, ಕಾನ್ಸಾಸ್, ಟೆಕ್ಸಾಸ್ ಕಡೆಯ ಹವಾಮಾನ ನಕ್ಷೆ ನೋಡುವವರು ಮೊದಲು ಹುಡುಕುವುದು ‘ಕೇಪ್’ ಎಂಬ ಅಂಕಿಯನ್ನು. ಮೇಲೇರುವ ಬಿಸಿಗಾಳಿಗೆ ಎಷ್ಟು ಶಕ್ತಿ ದಕ್ಕಬಹುದು ಎಂಬುದರ ಅಳತೆ ಅದು. ಕಿಲೋಗ್ರಾಂಗೆ 4000 ಜೂಲ್ ಎಂದು ಕಂಡರೆ ಸಾಕು, ಜಾಲತಾಣಗಳಲ್ಲಿ ಗದ್ದಲ ಶುರು. ಆದರೆ ಕೇಪ್ ಒಂದರಿಂದಲೇ ಸುಂಟರಗಾಳಿ ಏಳುವುದಿಲ್ಲ. ಬೇಸಿಗೆಯ ಸಂಜೆ ಬೆಂಗಳೂರು, ತುಮಕೂರಿನ ಮೇಲೂ ಕೇಪ್‌ಗೆ ಬರವಿರುವುದಿಲ್ಲ. ಗುಡುಗುತ್ತದೆ, ಆಲಿಕಲ್ಲು ಬೀಳುತ್ತದೆ, ಮರ ಉರುಳುತ್ತದೆ; ಸ್ವಲ್ಪ ಹೊತ್ತಿಗೆ ತನ್ನದೇ ಮಳೆಯ ತಂಪಿಗೆ ಮೋಡ ಸೊರಗುತ್ತದೆ. ಎತ್ತರಕ್ಕೆ ಹೋದಂತೆ ಗಾಳಿಯ ವೇಗ, ದಿಕ್ಕು ತೀವ್ರವಾಗಿ ಬದಲಾಗುವ ‘ವಿಂಡ್ ಶಿಯರ್’ ಅಲ್ಲಿ ಸಾಮಾನ್ಯವಾಗಿ ಸಾಲದು.

ಅಮೆರಿಕದ ಬಯಲಿನಲ್ಲಿ ಅದೇ ಧಾರಾಳ. ಕೆಳಗೆ ಮೆಕ್ಸಿಕೋ ಕೊಲ್ಲಿಯಿಂದ ಬರುವ ತೇವದ ಗಾಳಿ, ಮೇಲೆ ರಾಕಿ ಪರ್ವತಗಳನ್ನು ದಾಟಿ ಬೀಸುವ ಪಡುವಣ ಗಾಳಿ. ನೆಲಮಟ್ಟಕ್ಕೂ 6 ಕಿ.ಮೀ. ಎತ್ತರಕ್ಕೂ ಗಾಳಿಯಲ್ಲಿ ಸೆಕೆಂಡಿಗೆ 20 ಮೀಟರಿನಷ್ಟು ವ್ಯತ್ಯಾಸವಿದ್ದರೆ ಸುತ್ತುವ ಮೋಡ, ಅಂದರೆ ಸೂಪರ್‌ಸೆಲ್, ನಿರೀಕ್ಷಿಸಬಹುದು. ಆದರೂ ಬಹುಪಾಲು ಸೂಪರ್‌ಸೆಲ್‌ಗಳು ಸುಂಟರಗಾಳಿ ಹುಟ್ಟಿಸುವುದಿಲ್ಲ. ಹುಟ್ಟಿಸುವುದನ್ನೂ ಹುಟ್ಟಿಸದಿರುವುದನ್ನೂ ಬೇರ್ಪಡಿಸುವುದು ಹೆಚ್ಚಾಗಿ ನೆಲಕ್ಕಂಟಿದ ಒಂದು ಕಿಲೋಮೀಟರ್. ನಮ್ಮ ಉಪಕರಣಗಳಿಗೆ ಸರಿಯಾಗಿ ಕಾಣದಿರುವುದೂ ಅದೇ.

ಉಪಕರಣ ಹೊತ್ತು ಮೇಲೇರುವ ಹವಾಮಾನ ಬಲೂನಿನ ಬೆಳಗಿನ ದತ್ತಾಂಶದಲ್ಲಿ ಮೊದಲು ನೋಡಬೇಕಾದ್ದು ತೇವದ ಪದರ ಎಷ್ಟು ದಪ್ಪವಿದೆ ಎಂಬುದನ್ನು. ಬೆಳಿಗ್ಗೆ 9ಕ್ಕೆ ಡ್ಯೂ ಪಾಯಿಂಟ್ (ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣಾಂಶ) 18 ಡಿಗ್ರಿ ಇದೆಯೆಂದು ಹಿಗ್ಗಿದರೆ ಮೋಸ ಹೋಗುತ್ತೀರಿ. ಆ ಪದರ ಬರೀ 400-500 ಮೀಟರ್ ದಪ್ಪವಿದ್ದರೆ, ಬಿಸಿಲೇರಿದಂತೆ ಮೇಲಿನ ಒಣಗಾಳಿ ಕೆಳಗೆ ಬೆರೆತು ಮಧ್ಯಾಹ್ನ 3ರ ಹೊತ್ತಿಗೆ ಅದು 14ಕ್ಕೆ ಇಳಿದಿರಬಹುದು. ಇದರ ಪರಿಣಾಮ ನೇರ ಮೋಡದ ತಳದ ಮೇಲೆ. ನೆಲಮಟ್ಟದ ಉಷ್ಣಾಂಶದಿಂದ ಡ್ಯೂ ಪಾಯಿಂಟ್ ಕಳೆದು 125ರಿಂದ ಗುಣಿಸಿ. ತಳದ ಎತ್ತರ ಅಂದಾಜು ಮೀಟರಿನಲ್ಲಿ ಸಿಗುತ್ತದೆ. 28 ಮತ್ತು 20 ಇದ್ದರೆ 1000 ಮೀಟರ್, ಚಿಂತಿಸಬೇಕಾದ ಸ್ಥಿತಿ. 33 ಮತ್ತು 17 ಆದರೆ 2000 ಮೀಟರ್. ಆಗ ಮಳೆ ಒಣಗಾಳಿಯಲ್ಲಿ ಆವಿಯಾಗಿ, ತಣ್ಣನೆಯ ಭಾರದ ಗಾಳಿ ಕೆಳಗೆ ಸುರಿದು ಸುತ್ತುವಿಕೆಯನ್ನು ಮುರಿಯುತ್ತದೆ. ದೊಡ್ಡ ಆಲಿಕಲ್ಲು ಬೀಳಬಹುದು, ಸುಂಟರಗಾಳಿಯ ಸಾಧ್ಯತೆ ಕಡಿಮೆ.

ಇದರ ಮೇಲೊಂದು ಮುಚ್ಚಳವಿದೆ. ಮೆಕ್ಸಿಕೋದ ಪ್ರಸ್ಥಭೂಮಿಯಿಂದ ಬಂದ ಬಿಸಿಯಾದ ಒಣಗಾಳಿಯ ಪದರ ತೇವದ ಗಾಳಿಯನ್ನು ಕೆಳಗೇ ಅದುಮಿಡುತ್ತದೆ. ಅದು ಬಲವಾಗಿದ್ದರೆ ಇಡೀ ದಿನ ನೀಲಿ ಆಕಾಶ. ದುರ್ಬಲವಾಗಿದ್ದರೆ ಮಧ್ಯಾಹ್ನಕ್ಕೇ ಹತ್ತಾರು ಮೋಡಗಳೆದ್ದು ಒಂದರ ತೇವವನ್ನು ಇನ್ನೊಂದು ಕಸಿಯುತ್ತದೆ. ಅಪಾಯವಿರುವುದು ಎರಡರ ನಡುವೆ: ಸಂಜೆ ಐದರ ಸುಮಾರಿಗೆ ಒಣ-ತೇವ ಗಾಳಿಗಳ ಗಡಿಯಾದ ಡ್ರೈಲೈನ್ ಮೇಲೆ ಒಂದೆರಡು ಮೋಡಗಳಷ್ಟೇ ಮುಚ್ಚಳ ಸೀಳಿಕೊಂಡು ಮೇಲೇರಿದಾಗ. ಸೂರ್ಯ ಮುಳುಗುವ ಹೊತ್ತಿಗೆ ಕೆಳಸ್ತರದ ಗಾಳಿ ಚುರುಕಾಗಿ ಮೊದಲ ಕಿಲೋಮೀಟರಿನ ಶಿಯರ್ ಏರುತ್ತದೆ. ಅದು ಸೆಕೆಂಡಿಗೆ 10 ಮೀಟರ್ ದಾಟಿತೆಂದರೆ, ಅಷ್ಟು ಹೊತ್ತು ಬರೀ ಆಲಿಕಲ್ಲು ಸುರಿಸುತ್ತಿದ್ದ ಮೋಡವನ್ನೂ ಹೊಸದಾಗಿ ನೋಡಬೇಕು.

ಬಲೂನು ಹಾರುವುದು ಮಾಮೂಲಿಯಾಗಿ ದಿನಕ್ಕೆರಡೇ ಸಲ. ಬಯಲಿನ ಗಡಿಯಾರದಲ್ಲಿ ಬೇಸಿಗೆ ಸಮಯದ ಬೆಳಿಗ್ಗೆ 7, ಸಂಜೆ 7ರ ದತ್ತಾಂಶ. ಅನುಮಾನದ ದಿನಗಳಲ್ಲಿ ಮಧ್ಯಾಹ್ನ 1ಕ್ಕೆ ಇನ್ನೊಂದು. ಈ ನಡುವಿನ ಕುರುಡು ಅವಧಿಯಲ್ಲಿ ಆಸರೆ ನೆಲದ ಕೇಂದ್ರಗಳು: ಒಕ್ಲಹೋಮ ಮೆಸೊನೆಟ್‌ನ ಸುಮಾರು 120 ಕೇಂದ್ರಗಳು ಐದು ನಿಮಿಷಕ್ಕೊಮ್ಮೆ ವರದಿ ಕೊಡುತ್ತವೆ. ಗಂಟೆಗೊಮ್ಮೆ ಹೊಸದಾಗುವ ಕಂಪ್ಯೂಟರ್ ಮುನ್ಸೂಚನೆಯ ಎಚ್‌ಆರ್‌ಆರ್‌ಆರ್ ಮಾದರಿ ಹೇಳಿದ ಡ್ಯೂ ಪಾಯಿಂಟನ್ನು ಇವುಗಳ ಜತೆ ಹೋಲಿಸಬೇಕು. ಮಾದರಿ ಎರಡು ಡಿಗ್ರಿ ಹೆಚ್ಚು ತೋರಿಸುತ್ತಿದ್ದರೆ ಅದರ ಸಂಜೆಯ ಬಣ್ಣಬಣ್ಣದ ಚಿತ್ರವನ್ನು ಪಕ್ಕಕ್ಕಿಡಿ. ಅಂಕಿ ಎಲ್ಲ ಕೂಡಿಬಂದರೂ ಕೈಕೊಡುವ ದಿನಗಳಿವೆ. 2019ರ ಮೇ 20ರಂದು ಒಕ್ಲಹೋಮದ ನಾರ್ಮನ್‌ನ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್ (ಬಿರುಗಾಳಿ ಮುನ್ಸೂಚನೆಯ ಸರ್ಕಾರಿ ಕೇಂದ್ರ) ಅತ್ಯುನ್ನತ ಮಟ್ಟದ ಅಪಾಯ ಸಾರಿತು, ಒಕ್ಲಹೋಮ ಸಿಟಿ ಸುತ್ತ ಶಾಲೆಗಳು ಮುಚ್ಚಿದವು. ಭಯಪಟ್ಟಷ್ಟು ಭೀಕರ ಸುಂಟರಗಾಳಿಗಳು ಏಳಲಿಲ್ಲ.

ಮೋಡ ಎದ್ದ ಮೇಲಿನ ಕೆಲಸ ರೇಡಾರ್‌ನದು. ಅದರ ಅತಿ ಕೆಳಗಿನ ಕಿರಣ ಅರ್ಧ ಡಿಗ್ರಿ ಓರೆಯಲ್ಲಿ ಹೊರಡುತ್ತದೆ. ಭೂಮಿಯ ಬಾಗೂ ಸೇರಿ 100 ಕಿ.ಮೀ. ದೂರಕ್ಕೆ ಹೋಗುವಷ್ಟರಲ್ಲಿ ನೆಲದಿಂದ ಸುಮಾರು 1.5 ಕಿ.ಮೀ. ಮೇಲಿರುತ್ತದೆ, ಅಗಲವೂ ಅಷ್ಟೇ ಆಗಿರುತ್ತದೆ. ಅಂದರೆ ದೂರದ ಮೋಡದಲ್ಲಿ ಕಾಣುವುದು ಮೇಲಿನ ಸುತ್ತು, ಕೆಳಗಿನ ಸುಂಟರಗಾಳಿಯಲ್ಲ. ರೇಡಾರಿನತ್ತ ಬರುವ ಮತ್ತು ಅದರಿಂದ ದೂರ ಹೋಗುವ ಗಾಳಿಗಳು, ಹಸಿರು ಕೆಂಪಾಗಿ, ಒತ್ತಟ್ಟಿಗೆ ಬಿಗಿಯಾಗುತ್ತ ಬಂದರೆ ಎಚ್ಚರಿಕೆ ಹೊರಡಿಸಬೇಕು. ಅದೇ ಜಾಗದಲ್ಲಿ ಮರಳುವ ಕಿರಣದ ಬಲ, ಅಂದರೆ ಪ್ರತಿಫಲನ, 30 ಡಿಬಿಝಡ್‌ಗಿಂತ ಹೆಚ್ಚಿದ್ದು ‘ಕೋರಿಲೇಶನ್ ಕೋಎಫಿಶಿಯೆಂಟ್’ (ಕಿರಣಕ್ಕೆ ಸಿಕ್ಕ ಕಣಗಳು ಎಷ್ಟು ಒಂದೇ ತೆರನಾಗಿವೆ ಎಂಬುದರ ಅಳತೆ) 0.80ಕ್ಕಿಂತ ಕೆಳಗಿಳಿದರೆ ಹಾರುತ್ತಿರುವುದು ಮಳೆಹನಿಯಲ್ಲ, ಮನೆಯ ಚೂರು. ಹೊಸಬರು ಇದನ್ನು ಮುನ್ಸೂಚನೆ ಎಂದುಕೊಳ್ಳುತ್ತಾರೆ, ಅದು ಹಾನಿಯಾದ ಮೇಲಿನ ಪುರಾವೆ. ಸುತ್ತುವಿಕೆ ಇಲ್ಲದ ಕಡೆ, ದುರ್ಬಲ ಪ್ರತಿಫಲನದಲ್ಲಿ ಈ ಅಂಕಿ ಕುಸಿದರೆ ನಂಬಬೇಡಿ. ಮೋಡ ಒಳಗೆಳೆದುಕೊಳ್ಳುತ್ತಿರುವ ದೂಳು, ಹುಳಹುಪ್ಪಟೆಗಳೂ ಹಾಗೇ ಕಾಣುತ್ತವೆ.

2013ರ ಮೇ 20ರಂದು ಒಕ್ಲಹೋಮದ ಮೂರ್ ನಗರಕ್ಕೆ ಎಚ್ಚರಿಕೆ ಹೊರಟದ್ದು ಮಧ್ಯಾಹ್ನ 2.40ಕ್ಕೆ, ಸುಂಟರಗಾಳಿ ನೆಲ ಮುಟ್ಟಿದ್ದು 2.56ಕ್ಕೆ. ಹದಿನಾರು ನಿಮಿಷ ಒಳ್ಳೆಯ ಅವಧಿಯೇ. ಆದರೂ 24 ಜನ ಸತ್ತರು.

ಡಲ್ಲಾಸ್, ಪ್ಲೇನೋ, ಫ್ರಿಸ್ಕೋ ಕಡೆ ನೆಲೆಸಿರುವ ಕನ್ನಡ ಮನೆಗಳಿಗೆ ಇಷ್ಟು: ‘ವಾಚ್’ ಎಂದರೆ ಮುಂದಿನ ಕೆಲವು ಗಂಟೆ ಗಮನವಿಡಿ, ‘ವಾರ್ನಿಂಗ್’ ಎಂದರೆ ಈಗಲೇ ಏಳಿ. ಅಲ್ಲಿನ ಬಹುತೇಕ ಮನೆಗಳಿಗೆ ನೆಲಮಾಳಿಗೆ ಇಲ್ಲ; ಕೆಳಮಹಡಿಯಲ್ಲಿ ಕಿಟಕಿಯಿಲ್ಲದ ನಡುವಿನ ಬಚ್ಚಲೋ ಕ್ಲಾಸೆಟ್ಟೋ ಆಯ್ದುಕೊಳ್ಳಿ, ಮಕ್ಕಳ ಸೈಕಲ್ ಹೆಲ್ಮೆಟ್ಟು, ಶೂ ಅಲ್ಲೇ ಇರಲಿ. ಸೈರನ್ ಇರುವುದು ಹೊರಗಿರುವವರಿಗೆ, ಮನೆಯೊಳಗೆ ಮಲಗಿದವರಿಗೆ ಕೇಳಿಸಲೇಬೇಕೆಂದಿಲ್ಲ. ಫೋನಿನ ತುರ್ತು ಎಚ್ಚರಿಕೆಯನ್ನು ರಾತ್ರಿ ಬಂದ್ ಮಾಡಬೇಡಿ. ಹೆದ್ದಾರಿಯಲ್ಲಿದ್ದರೆ ಸೇತುವೆಯ ಕೆಳಗೆ ಹತ್ತಿ ಕೂರಬೇಡಿ. ಮೇಲೇರಿದಷ್ಟೂ ಗಾಳಿಯ ವೇಗ ಹೆಚ್ಚು, ಹಾರಿಬರುವ ಚೂರುಗಳಿಗೆ ಅಲ್ಲಿ ತಡೆಯೂ ಇಲ್ಲ. 1999ರ ಮೇ 3ರಂದು ಒಕ್ಲಹೋಮದಲ್ಲಿ ಹಾಗೆ ಸೇತುವೆಗಳ ಕೆಳಗೆ ಆಸರೆ ಪಡೆದವರಲ್ಲಿ ಕೆಲವರು ಸತ್ತಿದ್ದಾರೆ.