ಸ್ನಾನ ಮಾಡಿದರೆ ಎರಡು ದಿನ ಸುಸ್ತು

ಸ್ನಾನ ಮುಗಿಸಿ ಬಂದವರು ತಲೆ ಒರೆಸಿಕೊಳ್ಳಲೂ ಆಗದೆ ಅರ್ಧ ಗಂಟೆ ಮಲಗಿದರು ಅಂದರೆ ಕೇಳಿದವರಿಗೆ ನಗು ಬರಬಹುದು. ಕೋವಿಡ್ ಬಂದು ಹೋದ ಮೇಲೂ ತಿಂಗಳುಗಟ್ಟಲೆ ಕಾಡುವ ಲಾಂಗ್ ಕೋವಿಡ್ ಇರುವವರಿಗೆ ಬರುವುದಿಲ್ಲ. ಅವರಲ್ಲಿ ಎಷ್ಟೋ ಜನರಿಗೆ ಇಡೀ ದಿನದ ಅತಿ ಕಷ್ಟದ ಕೆಲಸವೇ ಸ್ನಾನ.

ಯಾಕೆ ಅಂತ ನಿಧಾನವಾಗಿ ನೋಡೋಣ. ನಾವು ಎದ್ದು ನಿಂತಾಗ ಅರ್ಧ ಲೀಟರಿಗೂ ಜಾಸ್ತಿ ರಕ್ತ ಹೊಟ್ಟೆ ಮತ್ತು ಕಾಲುಗಳ ಕಡೆಗೆ ಇಳಿಯುತ್ತದೆ. ನರಗಳು ತಕ್ಷಣ ಅಲ್ಲಿನ ರಕ್ತನಾಳಗಳನ್ನು ಬಿಗಿ ಮಾಡಿ ರಕ್ತವನ್ನು ಮೇಲಕ್ಕೆ ಕಳಿಸುತ್ತವೆ. ಎದೆಬಡಿತ ಒಂದಿಷ್ಟು ಏರಿ ಸುಮ್ಮನಾಗುತ್ತದೆ. ಇದೆಲ್ಲ ನಮ್ಮ ಗಮನಕ್ಕೂ ಬರುವುದಿಲ್ಲ. ಲಾಂಗ್ ಕೋವಿಡ್ ಬಂದ ಅನೇಕರಲ್ಲಿ ಈ ನರಗಳ ಹಿಡಿತ ತಪ್ಪಿರುತ್ತದೆ. ಅಂಥವರು ನಿಂತೇ ಸ್ನಾನ ಮಾಡಿದರೆ ರಕ್ತ ಕೆಳಗೇ ಉಳಿಯುತ್ತದೆ. ಬಿಸಿನೀರು ರಕ್ತನಾಳಗಳನ್ನು ಇನ್ನಷ್ಟು ಸಡಿಲ ಮಾಡುತ್ತದೆ. ತಲೆ ತಿಕ್ಕಲು ಎರಡೂ ಕೈ ಎತ್ತಿದರೆ ಹೃದಯದ ಮೇಲೆ ಮತ್ತೊಂದು ಹೊರೆ. ನಾಡಿ ಓಡುತ್ತದೆ, ಕಣ್ಣು ಕತ್ತಲೆ ಬರುತ್ತದೆ, ಕಾಲು ನಡುಗುತ್ತದೆ. ಸ್ಟೂಲಿನ ಮೇಲೆ ಕೂತು, ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿ ಅಂತ ಫಿಸಿಯೊಥೆರಪಿಸ್ಟ್ ಹೇಳಿದರೆ ಅದು ಅಜ್ಜಿ ಹೇಳುವ ಬುದ್ಧಿಮಾತಲ್ಲ, ಚಿಕಿತ್ಸೆಯ ಭಾಗ.

ನಿಂತಾಗ ನಾಡಿ ಹೀಗೆ ಏರುವುದಕ್ಕೆ ಒಂದು ಲೆಕ್ಕವೂ ಇದೆ. ಮಲಗಿದ್ದವರು ಎದ್ದು ನಿಂತ 10 ನಿಮಿಷದೊಳಗೆ ಎದೆಬಡಿತ ನಿಮಿಷಕ್ಕೆ 30 ಅಥವಾ ಅದಕ್ಕಿಂತ ಜಾಸ್ತಿ ಏರಿ, ಏರಿದಲ್ಲೇ ನಿಂತು, ರಕ್ತದೊತ್ತಡ ಮಾತ್ರ ಬೀಳದೇ ಇದ್ದರೆ ವೈದ್ಯರು ಪಾಟ್ಸ್ ಎಂಬ ತೊಂದರೆಯನ್ನು ಅನುಮಾನಿಸುತ್ತಾರೆ. ಪರೀಕ್ಷೆಗೆ ಬೇಕಾಗುವುದು ಒಂದು ಮಂಚ, ಒಂದು ಬಿಪಿ ಯಂತ್ರ, ಒಂದು ಗಡಿಯಾರ, ಅಷ್ಟೇ. ಆದರೂ ಇದನ್ನು ಮಾಡದೆ ಕಳಿಸಿಬಿಡುವುದೇ ಹೆಚ್ಚು. ಇಸಿಜಿ ತೆಗೆಯುವುದು ಮಲಗಿಸಿ. ರಕ್ತ ತೆಗೆಯುವುದು ಕೂರಿಸಿ. ಎರಡರಲ್ಲೂ ದೇಹ ಆರಾಮವಾಗಿಯೇ ಇರುತ್ತದೆ. ಆಮೇಲೆ 'ಎಲ್ಲಾ ನಾರ್ಮಲ್ ಇದೆ' ಎಂಬ ಚೀಟಿ ಹಿಡಿದು ಮನೆಗೆ ಬರುವವರಿಗೆ ತಮ್ಮ ಮೇಲೇ ಅನುಮಾನ ಶುರುವಾಗುತ್ತದೆ.

ಲಾಂಗ್ ಕೋವಿಡ್ ಎಂಬ ಹೆಸರನ್ನು ಕೊಟ್ಟಿದ್ದು ವೈದ್ಯರಲ್ಲ. ಇಟಲಿಯ ಪುರಾತತ್ವಜ್ಞೆ ಎಲಿಸಾ ಪೆರೆಗೊ ಸ್ವತಃ ಕಾಯಿಲೆಯಲ್ಲಿದ್ದಾಗ, 2020ರ ಮೇ ತಿಂಗಳಲ್ಲಿ, ಟ್ವಿಟರಿನಲ್ಲಿ ಈ ಪದ ಬಳಸಿದರು. ರೋಗಿಗಳೇ ಅದನ್ನು ಹಬ್ಬಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೊಂದು ವ್ಯಾಖ್ಯೆ ಕೊಟ್ಟಿದ್ದು 2021ರ ಅಕ್ಟೋಬರಿನಲ್ಲಿ: ಸೋಂಕು ಶುರುವಾಗಿ ಸಾಮಾನ್ಯವಾಗಿ 3 ತಿಂಗಳ ಹೊತ್ತಿಗೆ ಲಕ್ಷಣಗಳು ಇರಬೇಕು, ಕನಿಷ್ಠ 2 ತಿಂಗಳಾದರೂ ಉಳಿದಿರಬೇಕು, ಬೇರೆ ಕಾಯಿಲೆಯಿಂದ ಬಂದದ್ದು ಎನ್ನುವಂತಿರಬಾರದು. ಸುಸ್ತು, ಏದುಸಿರು, ಮಂಕು ಕವಿದಂಥ ತಲೆ ಮುಖ್ಯ ಲಕ್ಷಣಗಳು. ಕಾರಣದ ಬಗ್ಗೆ ಹಲವು ವಾದಗಳಿವೆ. ವೈರಸ್ಸಿನ ಚೂರುಗಳು ಎಲ್ಲೋ ಉಳಿದಿರುವುದು, ರೋಗನಿರೋಧಕ ವ್ಯವಸ್ಥೆ ಹಾದಿ ತಪ್ಪುವುದು, ಸಣ್ಣ ರಕ್ತನಾಳಗಳು ಕೆಡುವುದು. ಎಲ್ಲರಲ್ಲೂ ಒಂದೇ ಕಾರಣ ಇರಬೇಕೆಂದೇನೂ ಇಲ್ಲ.

ನನಗೆ ಇದರಲ್ಲಿ ಅತಿ ವಿಚಿತ್ರ ಅನ್ನಿಸುವುದು ಸುಸ್ತು ಬರುವ ಹೊತ್ತು. ಮಾಮೂಲಿ ಆಯಾಸ ಕೆಲಸ ಮಾಡುವಾಗಲೇ ಬರುತ್ತದೆ, ಮಲಗಿದರೆ ಹೋಗುತ್ತದೆ. ಇಲ್ಲಿ ಹಾಗಲ್ಲ. ಇವತ್ತು ಪೇಟೆಗೆ ಹೋಗಿ ಬಂದರೆ ಇವತ್ತು ಏನೂ ಆಗುವುದಿಲ್ಲ. ನಾಳೆಯೋ ನಾಡಿದ್ದೋ ದೇಹ ಕುಸಿದು ಬೀಳುತ್ತದೆ. ಮೈಕೈ ನೋವು, ಜ್ವರ ಬಂದಂಥ ಅನುಭವ. ಓದಿದ ಸಾಲು ತಲೆಗೆ ಹೋಗುವುದಿಲ್ಲ. ಎಷ್ಟು ನಿದ್ದೆ ಮಾಡಿದರೂ ಸರಿಹೋಗುವುದಿಲ್ಲ. ಅಂಗಡಿಯವರು ಉದ್ರಿ ಕೊಟ್ಟು ಎರಡು ದಿನ ಬಿಟ್ಟು ಬಡ್ಡಿ ಸಮೇತ ವಸೂಲಿಗೆ ಬಂದ ಹಾಗೆ.

ಇದು ಬರೀ ಅನಿಸಿಕೆ ಅಲ್ಲ ಎನ್ನುವುದಕ್ಕೆ ಆಮ್‌ಸ್ಟರ್‌ಡ್ಯಾಮಿನ ವಿಜ್ಞಾನಿಗಳು ಪುರಾವೆ ಕೊಟ್ಟರು. ಹೀಗೆ ಕುಸಿಯುವ 25 ಲಾಂಗ್ ಕೋವಿಡ್ ರೋಗಿಗಳು ಮತ್ತು 21 ಆರೋಗ್ಯವಂತರಿಂದ ಪರೀಕ್ಷೆಯ ಸೈಕಲ್ ತುಳಿಸಿದರು. ತುಳಿಯುವುದಕ್ಕೆ ಒಂದು ವಾರ ಮೊದಲು, ತುಳಿದ ಮರುದಿನ, ಹೀಗೆ ಎರಡು ಸಲ ತೊಡೆಯ ಸ್ನಾಯುವಿನಿಂದ ಸಣ್ಣ ಚೂರು ತೆಗೆದು ನೋಡಿದರು. 2024ರ ಜನವರಿಯಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಜೀವಕೋಶಗಳಿಗೆ ಶಕ್ತಿ ತಯಾರಿಸಿ ಕೊಡುವ ಮೈಟೊಕಾಂಡ್ರಿಯಗಳು ರೋಗಿಗಳಲ್ಲಿ ಮೊದಲೇ ಮಂದವಾಗಿದ್ದವು, ಸೈಕಲ್ ತುಳಿದ ಮೇಲೆ ಇನ್ನೂ ಮಂದವಾದವು. ಸ್ನಾಯುವಿನ ಎಳೆಗಳಿಗೆ ಹೆಚ್ಚು ಪೆಟ್ಟಾಗಿತ್ತು.

ಇದು ಗೊತ್ತಾದ ಮೇಲೆ 'ಸ್ವಲ್ಪ ಮನಸ್ಸು ಗಟ್ಟಿ ಮಾಡಿ ವಾಕಿಂಗ್ ಶುರು ಮಾಡು, ಎಲ್ಲ ಸರಿಹೋಗುತ್ತದೆ' ಎಂಬ ಸಲಹೆಯನ್ನು ಹೇಗೆ ಕೊಡುವುದು? ಇಂಥದೇ ಕುಸಿತ ಇರುವ ಹಳೆಯ ಕಾಯಿಲೆ ಎಂಇ ಅಥವಾ ಕ್ರಾನಿಕ್ ಫಟೀಗ್ ಸಿಂಡ್ರೋಮ್. ವರ್ಷಗಟ್ಟಲೆ ಅದಕ್ಕೆ ಕೊಡುತ್ತಿದ್ದ ಸಲಹೆ ವಾರದಿಂದ ವಾರಕ್ಕೆ ವ್ಯಾಯಾಮ ಏರಿಸುತ್ತಾ ಹೋಗಿ ಎಂಬುದು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ 2021ರಲ್ಲಿ ಆ ಸಲಹೆಯನ್ನು ಕೈಬಿಟ್ಟಿತು. ಆ ವ್ಯಾಯಾಮದಿಂದ ಕಾಯಿಲೆ ಜಾಸ್ತಿಯಾಗುತ್ತದೆ ಎಂದು ಹಾಸಿಗೆ ಹಿಡಿದ ಎಷ್ಟೋ ರೋಗಿಗಳು ಅದಕ್ಕೂ ಬಹಳ ಮೊದಲೇ ಹೇಳಿದ್ದರು, ಅಲ್ವಾ?

ಈಗ ಪುನಶ್ಚೇತನ ಶುರುವಾಗುವುದು ಎಲ್ಲಿ ನಿಲ್ಲಿಸಬೇಕು ಎಂದು ಕಲಿಯುವುದರಿಂದ. ಇದಕ್ಕೆ ಪೇಸಿಂಗ್ ಎನ್ನುತ್ತಾರೆ. ಒಂದು ನೋಟ್‌ಬುಕ್ ಇಡಿ. ಏನು ಮಾಡಿದಿರಿ, ಎಷ್ಟು ಹೊತ್ತು, ಎರಡು ದಿನದ ನಂತರ ಹೇಗಿದ್ದಿರಿ ಎಂದು ಬರೆಯಿರಿ. 10 ನಿಮಿಷ ನಡೆದರೆ ಕುಸಿತ ಬರುತ್ತದೆ ಎಂದಾದರೆ 6 ನಿಮಿಷಕ್ಕೇ ಕೂತುಬಿಡಿ. ಸುಸ್ತಾಗುವ ಮೊದಲೇ ಕೂರಬೇಕು, ಆದಮೇಲಲ್ಲ. ಫೋನಿನಲ್ಲಿ ಮಾತಾಡಿದ್ದು, ಲೆಕ್ಕ ಬರೆದದ್ದು, ಜಗಳ ಆಡಿದ್ದು ಕೂಡ ಶಕ್ತಿಯ ಖರ್ಚಿಗೇ ಸೇರುತ್ತವೆ. ಎಲ್ಲರೂ ಜಾರುವುದು ಆರಾಮ ಅನ್ನಿಸಿದ ದಿನ. 'ಇವತ್ತು ಪರವಾಗಿಲ್ಲ' ಅಂತ ಬಾಕಿ ಉಳಿದ ಕೆಲಸವನ್ನೆಲ್ಲ ಮುಗಿಸಿ ವಾರವಿಡೀ ಮಲಗುತ್ತಾರೆ. ಆ ದಿನವೂ 6 ನಿಮಿಷವೇ. ಕೆಲವು ವಾರ ಕುಸಿತ ಬರದೇ ಇದ್ದರೆ ಒಂದು ನಿಮಿಷ ಏರಿಸಿ ನೋಡಬಹುದು. ಪಾಟ್ಸ್ ಇದ್ದವರಿಗೆ ಹೆಚ್ಚು ನೀರು, ಬಿಗಿ ಕಾಲುಚೀಲ, ಮಲಗಿಕೊಂಡೇ ಮಾಡುವ ವ್ಯಾಯಾಮ ನೆರವಾಗುತ್ತವೆ. ಉಪ್ಪು ಜಾಸ್ತಿ ಮಾಡುವುದನ್ನು ಮಾತ್ರ ವೈದ್ಯರನ್ನು ಕೇಳದೆ ಮಾಡಬೇಡಿ.

ಹಾಗಂತ ವ್ಯಾಯಾಮವೇ ಶತ್ರು ಅಂತ ತಿಳಿಯಬಾರದು. ಕೋವಿಡ್ಡಿನಿಂದ ಆಸ್ಪತ್ರೆಯಲ್ಲಿ ವಾರಗಟ್ಟಲೆ ಮಲಗಿ ಸ್ನಾಯು ಕರಗಿಸಿಕೊಂಡವರ ಕಥೆ ಬೇರೆ. ಬ್ರಿಟನ್ನಿನಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾಗಿದ್ದ 585 ಜನರ ಮೇಲೆ ರೀಗೇನ್ ಎಂಬ ಪ್ರಯೋಗ ನಡೆಯಿತು. ಅವರಲ್ಲಿ ಅರ್ಧದಷ್ಟು ಜನರಿಗೆ 8 ವಾರ ಆನ್‌ಲೈನಿನಲ್ಲಿ ತಜ್ಞರ ಎದುರೇ ಗುಂಪಾಗಿ ವ್ಯಾಯಾಮ, ಜೊತೆಗೆ ಮನಸ್ಸಿಗೂ ಆಸರೆ. ಉಳಿದವರಿಗಿಂತ ಅವರ ಬದುಕಿನ ಗುಣಮಟ್ಟ ಹೆಚ್ಚು ಸುಧಾರಿಸಿತು. ಒಂದು ವರ್ಷದ ನಂತರವೂ ವ್ಯತ್ಯಾಸ ಉಳಿದಿತ್ತು, ದೊಡ್ಡದೇನಲ್ಲದಿದ್ದರೂ. ಹಾಗಾಗಿ ಮೊದಲು ಕೇಳಬೇಕಾದದ್ದು 'ಎಷ್ಟು ವ್ಯಾಯಾಮ ಮಾಡುತ್ತೀರಿ' ಅಂತಲ್ಲ, 'ಮಾಡಿದ ಮರುದಿನ ಹೇಗಿರುತ್ತೀರಿ' ಅಂತ.

ಹೆಚ್ಚಿನವರಿಗೆ ದಿನಾ ಮಾಡಿ ಎಂದು ಧೈರ್ಯವಾಗಿ ಹೇಳಬಹುದಾದ ವ್ಯಾಯಾಮ ಮೂಗಿನದು. ಕೋವಿಡ್ ಬಂದು ವಾಸನೆ ಹೋದವರು ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆಗಳನ್ನು ದಿನಕ್ಕೆ ಎರಡು ಸಲ, ಒಂದೊಂದನ್ನು ಹತ್ತಿಪ್ಪತ್ತು ಸೆಕೆಂಡ್ ಮೂಸುತ್ತಾ ಅದರ ಹಳೆಯ ವಾಸನೆಯನ್ನು ನೆನಪು ಮಾಡಿಕೊಳ್ಳಬೇಕು. ಕನಿಷ್ಠ ಮೂರು ತಿಂಗಳು ಬಿಡಬಾರದು. ಕೊರೊನಾ ವೈರಸ್ ಮುಖ್ಯವಾಗಿ ಹೊಕ್ಕಿದ್ದು ವಾಸನೆಯ ನರಗಳೊಳಗಲ್ಲ, ಅವುಗಳಿಗೆ ಆಸರೆಯಾದ ಅಕ್ಕಪಕ್ಕದ ಕೋಶಗಳೊಳಗೆ. ಆ ನರಕೋಶಗಳಿಗೆ ಮತ್ತೆ ಮತ್ತೆ ಹೊಸದಾಗಿ ಹುಟ್ಟುವ ಗುಣವೂ ಇದೆ. ನಡುವೆ ಒಂದು ಹಂತದಲ್ಲಿ ಕಾಫಿ ಸುಟ್ಟ ರಬ್ಬರಿನ ಹಾಗೆ, ಕರಿದ ಈರುಳ್ಳಿ ಕೊಳೆತ ಹಾಗೆ ನಾರಬಹುದು. ಹಾಗಾದಾಗ ಜನ ಹೆದರಿ ಮೂಸುವುದನ್ನೇ ಬಿಟ್ಟುಬಿಡುತ್ತಾರೆ. ಹೊಸ ನರಗಳ ಎಳೆಗಳು ಇನ್ನೂ ಸರಿಯಾದ ಜಾಗಕ್ಕೆ ಜೋಡಣೆಯಾಗುತ್ತಿರುವಾಗ ಹೀಗಾಗುತ್ತದೆ ಎಂದು ತಜ್ಞರು ಹೇಳುತ್ತಾರೆ. ಏನೂ ಗೊತ್ತಾಗದ ಮೂಗಿಗಿಂತ ಕಾಫಿ ನಾರುವ ಮೂಗು ಒಂದು ಹೆಜ್ಜೆ ಮುಂದೆ.