ರೊಟ್ಟಿಯ ಲೆಕ್ಕದಲ್ಲಿ ಬಿಟ್ಟುಹೋದದ್ದು

ತರಬೇತಿಗೆ ಬರುವ ಹುಡುಗ ಹುಡುಗಿಯರನ್ನು ಮೊದಲ ದಿನವೇ ಯಶವಂತಪುರದ ಎಪಿಎಂಸಿ ಯಾರ್ಡಿಗೆ ಕರೆದುಕೊಂಡು ಹೋಗುತ್ತೇನೆ. ಹಮಾಲರು ಬೆನ್ನಿಗೆ ಮೂಟೆ ಹೇರಿಕೊಂಡು ಲಾರಿ ಹತ್ತುವುದನ್ನು ಸ್ವಲ್ಪ ಹೊತ್ತು ನೋಡಿದ ಮೇಲೆ, ‘ಈಗ ನೀವು ಎತ್ತಿ’ ಅನ್ನುತ್ತೇನೆ. 50 ಕಿಲೋ ಮೂಟೆ. ಜಿಮ್ಮಿಗೆ ಹೋಗುವ ಹುಡುಗರೂ ನಾಲ್ಕು ಹೆಜ್ಜೆಗೆ ಏದುಸಿರು ಬಿಡುತ್ತಾರೆ. ಹಮಾಲರಿಗೆ ಒಳ್ಳೇ ತಮಾಷೆ. ‘ಅರವತ್ತರ ಮುದುಕಿ ಬಗಲಲ್ಲಿ ಮೊಮ್ಮಗುವನ್ನು ಎತ್ತಿಕೊಂಡು ಇದನ್ನು ಕೆಸರಿನಲ್ಲಿ ಮನೆ ಮುಟ್ಟಿಸಬೇಕು, ಹೇಗೆ?’ ಅಂತ ಕೇಳಿದಾಗ ನಗು ನಿಲ್ಲುತ್ತದೆ.

ಯುದ್ಧಕ್ಕೆ ಹೆದರಿ ಊರು ಬಿಟ್ಟವರಿಗೆ ನೆರವು ತಲುಪಿಸುವುದು ನನ್ನ ಕಸುಬು. ಹೆಚ್ಚು ಕಾಲ ದುಡಿದದ್ದು ದಕ್ಷಿಣ ಸುಡಾನಿನಲ್ಲಿ. 2011ರಲ್ಲಿ ಸ್ವತಂತ್ರವಾದ ಆ ದೇಶದಲ್ಲಿ 2013ರ ಡಿಸೆಂಬರಿನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಜನ ಜೀವ ಉಳಿದರೆ ಸಾಕೆಂದು ವಿಶ್ವಸಂಸ್ಥೆಯ ಶಾಂತಿಪಡೆಯ ನೆಲೆಗಳೊಳಗೆ ನುಗ್ಗಿದರು. ಬೆಂಟಿಯು ಎಂಬಲ್ಲಿ ಹಾಗೆ ಬೆಳೆದ ಶಿಬಿರದಲ್ಲಿ ಒಂದು ಕಾಲಕ್ಕೆ ಲಕ್ಷಕ್ಕೂ ಮೀರಿ ಜನರಿದ್ದರು.

ಅಲ್ಲಿ ಇಳಿದಾಗ ನನಗೆ ಪರಿಚಿತವಾಗಿ ಕಂಡದ್ದು ಎರಡೇ: ಮಣ್ಣು ಮತ್ತು ಜೋಳ. ನಾನು ನರಗುಂದದ ಕಡೆಯವನು. ಎರೆ ಮಣ್ಣಿಗೆ ಮಳೆ ಬಿದ್ದರೆ ಏನಾಗುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಲಾರಿ ಅಚ್ಚಿನ ತನಕ ಹೂತುಹೋಗುತ್ತದೆ. ಟಾರು ಕಾಣದ ಅಲ್ಲಿನ ರಸ್ತೆಗಳು ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿಹೋಗುತ್ತವೆ. ಹಾಗಾಗಿ ಬೇಸಿಗೆಯಲ್ಲೇ ದಾಸ್ತಾನು ತುಂಬಿಸಿಟ್ಟುಕೊಳ್ಳಬೇಕು, ತಪ್ಪಿದರೆ ವಿಮಾನವೇ ಗತಿ. ತಲೆಗೆ ದಿನಕ್ಕೆ ಅರ್ಧ ಕಿಲೋ ಜೋಳ ಅಂದರೂ ಲಕ್ಷ ಜನಕ್ಕೆ ತಿಂಗಳಿಗೆ 1500 ಟನ್ ಬೇಕು. ಮೇಲಿನಿಂದ ಮೂಟೆ ಉದುರಿಸುವ ಇಲ್ಯೂಷಿನ್-76 ವಿಮಾನ ಒಂದು ಸಲಕ್ಕೆ ತರುವುದು ಸುಮಾರು 30 ಟನ್. ಅಂದರೆ ಬರೀ ಜೋಳಕ್ಕೇ ಐವತ್ತು ಹಾರಾಟ. ಬೇಳೆ, ಎಣ್ಣೆ, ಉಪ್ಪು ಬೇರೆ. ಟಿವಿಯಲ್ಲಿ ಭರ್ಜರಿಯಾಗಿ ಕಾಣುವ ಆ ದೃಶ್ಯ ನೋಡಿದಾಗ ನನಗಂತೂ ಹೊಟ್ಟೆ ಉರಿಯುತ್ತದೆ. ಅದೇ ದುಡ್ಡಿಗೆ ರಸ್ತೆಯಲ್ಲಿ ಹಲವು ಪಟ್ಟು ಕಾಳು ಹೋಗುತ್ತಿತ್ತು.

ರಸ್ತೆ ಒಣಗಿದರೆ ಹಗ್ಗದ ಕಾಟ. ಎರಡು ಗೂಟಕ್ಕೆ ಅಡ್ಡಲಾಗಿ ಹಗ್ಗ ಕಟ್ಟಿ, ಮರದ ನೆರಳಲ್ಲಿ ಬಂದೂಕು ಹಿಡಿದು ನಾಲ್ವರು ಕೂತರೆ ಅದೇ ಚೆಕ್‌ಪೋಸ್ಟು. ಹೊರಡುವ ಮುಂಚೆ ಎರಡೂ ಪಕ್ಷಗಳಿಗೆ ಲಾರಿ ನಂಬರು, ಚಾಲಕರ ಹೆಸರು, ಸರಕಿನ ಪಟ್ಟಿ ಕೊಟ್ಟು ಒಪ್ಪಿಗೆ ಪಡೆದಿರುತ್ತೇವೆ. ಆದರೆ ರಾಜಧಾನಿ ಜೂಬಾದಲ್ಲಿ ಸಾಹೇಬರು ಹಾಕಿದ ಸಹಿ ಹಗ್ಗದ ಹತ್ತಿರ ಕೂತ ಹುಡುಗನಿಗೆ ಗೊತ್ತಿರಬೇಕಲ್ಲ. ಅವನಿಗೆ ಸಂಬಳ ಬಂದೇ ತಿಂಗಳುಗಳಾಗಿರುತ್ತವೆ. ಒಂದು ಪ್ಯಾಕು ಸಿಗರೇಟು ಕೊಟ್ಟು ದಾಟಿಬಿಡೋಣ ಅನಿಸುತ್ತದೆ, ಕೊಡಬಾರದು. ಇವತ್ತಿನ ಸಿಗರೇಟು ನಾಳೆ ಬರುವ ಲಾರಿಗೆ ಎರಡು ಮೂಟೆ ಆಗುತ್ತದೆ. ಕೂತು ಮಾತಾಡಬೇಕು, ಊರು ಕೇರಿ ವಿಚಾರಿಸಬೇಕು, ಜೂಬಾಕ್ಕೆ ಫೋನು ಹಚ್ಚಬೇಕು, ಮತ್ತೆ ಕೂತಿರಬೇಕು. ಸೈನಿಕರನ್ನು ಜೊತೆಗೆ ಕರೆದುಕೊಂಡು ಹೋದರೆ ಸುಲಭವಲ್ಲವೇ ಎಂದು ಇಲ್ಲಿ ಕೇಳುತ್ತಾರೆ. ಒಂದು ಪಕ್ಷದ ಬಂದೂಕಿನ ಹಿಂದೆ ಬಂದ ಲಾರಿ ಇನ್ನೊಂದು ಪಕ್ಷಕ್ಕೆ ವೈರಿಯ ಲಾರಿ. 1991ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಒಪ್ಪಿದ 46/182ನೇ ನಿರ್ಣಯದಲ್ಲಿ ಮಾನವೀಯತೆ, ತಾಟಸ್ಥ್ಯ, ನಿಷ್ಪಕ್ಷಪಾತ ಎಂದೆಲ್ಲ ಓದಿದಾಗ ಪ್ರವಚನದಂತೆ ಕೇಳಿತ್ತು. ಹಗ್ಗದ ಮುಂದೆ ಲಾರಿ ನಿಲ್ಲಿಸಿಕೊಂಡಾಗ ಗೊತ್ತಾಯಿತು, ನಮ್ಮ ಕೈಲಿರುವ ಪರ್ಮಿಟ್ಟು ಅದೊಂದೇ.

ಇಷ್ಟೆಲ್ಲ ದಾಟಿ ಜೋಳ ಶಿಬಿರ ಮುಟ್ಟಿದರೆ ನನ್ನ ಕೆಲಸ ಮುಗಿಯಿತು ಎಂದೇ ಮೊದಮೊದಲು ತಿಳಿದಿದ್ದೆ. ಕಾಗದದಲ್ಲಿ ಎಲ್ಲ ಸರಿಯಿತ್ತು. ಕಾಳು, ಬೇಳೆ, ಎಣ್ಣೆ ಕೂಡಿಸಿದರೆ ಒಬ್ಬರಿಗೆ ದಿನಕ್ಕೆ 2100 ಕಿಲೋ ಕ್ಯಾಲೊರಿ. ಇಂಥ ಕಡೆ ಎಲ್ಲರೂ ಹಿಡಿಯುವ ಕನಿಷ್ಠ ಅಳತೆ ಅದು. ಆದರೆ ದಾದಿಯರು ಎಳೆಯ ಮಕ್ಕಳ ತೋಳಿಗೆ ಸುತ್ತುವ ಅಳತೆ ಪಟ್ಟಿ ಬೇರೆಯದನ್ನೇ ಹೇಳುತ್ತಿತ್ತು. ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಾದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ಕೆಂಪು ಇಳಿಯುತ್ತಲೇ ಇರಲಿಲ್ಲ.

ಒಂದು ಹಂಚಿಕೆಯ ದಿನ ದುಭಾಷಿಯನ್ನು ಕರೆದುಕೊಂಡು ಒಬ್ಬ ಹೆಂಗಸಿನ ಹಿಂದೆಯೇ ನಡೆದೆ. ಐದು ಜನರ ಮನೆ, ಒಂದೂವರೆ ಮೂಟೆ ಜೋಳ. ಗೇಟಿನ ಹೊರಗೇ ಒಂಟಿ ಚಕ್ರದ ಕೈಗಾಡಿ ಹಿಡಿದ ಹುಡುಗರು ಕಾಯುತ್ತಿದ್ದರು. ಕೂಲಿ ದುಡ್ಡಿನಲ್ಲಲ್ಲ, ಜೋಳದಲ್ಲಿ. ಡಬ್ಬದ ಕಂಠಮಟ್ಟ ಅಳೆದು ಕೊಡಲು ಅವಳು ನೋಡಿದಳು, ಹುಡುಗ ರಾಶಿ ಕಟ್ಟಿಸಿಕೊಂಡೇ ಬಿಟ್ಟ. ಅಲ್ಲಿಂದ ನೇರ ಡೀಸೆಲ್ ಗಿರಣಿಗೆ. ಬೀಸುವ ಕೂಲಿಯೂ ಜೋಳವೇ, ಡಬ್ಬವೂ ದೊಡ್ಡದು. ಕೊನೆಗೆ ಇದ್ದಿಲು. ಸೌದೆಗೆ ಬೇಲಿಯಾಚೆ ಹೋದ ಹೆಂಗಸರ ಮೇಲೆ ದಾಳಿಗಳಾಗುತ್ತಿದ್ದವು, ಹಾಗಾಗಿ ಕೊಂಡೇ ತರಬೇಕು, ಅದಕ್ಕೂ ಜೋಳ. ಯಾಕಮ್ಮ ಇಷ್ಟೆಲ್ಲ ಕೊಟ್ಟುಬಿಡುತ್ತೀರಿ ಎಂದು ಕೇಳಿದೆ. ‘ನೀವು ಹಸಿ ಜೋಳ ತಿಂತೀರಾ?’ ಅಂದಳು.

ನಾನು ಜೋಳದ ರೊಟ್ಟಿ ತಿಂದೇ ಬೆಳೆದವನು. ಶಾಲೆ ಬಿಟ್ಟ ಮೇಲೆ ಅವ್ವ ತಲೆ ಮೇಲೆ ಡಬ್ಬಿ ಇಟ್ಟು, ಕೈಯಲ್ಲಿ ಚಿಲ್ಲರೆ ಕೊಟ್ಟು ಗಿರಣಿಗೆ ಅಟ್ಟುತ್ತಿದ್ದಳು. ಲಕ್ಷ ಜನರ ಲೆಕ್ಕ ಹಾಕುವಾಗ ಆ ಚಿಲ್ಲರೆಯನ್ನೇ ಮರೆತಿದ್ದೆ.

ಹಿಟ್ಟನ್ನೇ ಕಳಿಸಬಹುದಿತ್ತಲ್ಲ ಅನ್ನಬಹುದು. ರೊಟ್ಟಿ ಬಡಿದವರಿಗೆ ಗೊತ್ತು, ಜೋಳದ ಹಿಟ್ಟು ಹಳತಾದರೆ ಜಿಗಟು ಹೋಗಿ ಕಹಿಯಾಗುತ್ತದೆ. ಮಳೆಗಾಲವಿಡೀ ಗೋದಾಮಿನಲ್ಲಿ ತಡೆಯುವುದು ಕಾಳೇ. ಹಾಗಾಗಿ ಮೂಟೆಯ ಜೊತೆಗೊಂದು ಗಿರಣಿ ಚೀಟಿ ಕೊಟ್ಟು, ಬೀಸಿದ ಕೂಲಿಯನ್ನು ಗಿರಣಿಯವನಿಗೆ ನಾವೇ ಕಟ್ಟುವುದು ಒಂದು ದಾರಿ. ಸಂತೆ ನಡೆಯುವ ಊರಾದರೆ ಜನರ ಕೈಗೆ ದುಡ್ಡು ಕೊಡುವುದೇ ಮೇಲು.

ಯುದ್ಧದ ಸುದ್ದಿ ಬಂದಾಗಲೆಲ್ಲ ಬೆಂಗಳೂರಿನ ಅಪಾರ್ಟ್‌ಮೆಂಟು ಸಂಘದವರೊಬ್ಬರು ಫೋನು ಮಾಡುತ್ತಾರೆ: ‘ಸರ್, ಎರಡು ಲೋಡು ಬಟ್ಟೆ ಸೇರಿದೆ, ಎಲ್ಲಿಗೆ ಕಳಿಸೋದು?’ ಎಲ್ಲಿಗೂ ಬೇಡ ಅನ್ನುತ್ತೇನೆ. ಬೇಜಾರಾಗುತ್ತದೆ ಅವರಿಗೆ. ಆ ಬಟ್ಟೆ ಸಮುದ್ರ ದಾಟಿಸುವ ಬಾಡಿಗೆಯಲ್ಲಿ ಎಷ್ಟು ಡಬ್ಬಿ ಜೋಳ ಬೀಸಬಹುದು ಎಂದು ವಿವರಿಸಲು ಹೋಗಿ ನನ್ನ ಫೋನಿನ ಚಾರ್ಜು ಮುಗಿಯುತ್ತದೆ.

ಎಪಿಎಂಸಿಯಿಂದ ಹೊರಟವರನ್ನು ಉತ್ತರ ಕರ್ನಾಟಕದ ಒಂದು ಖಾನಾವಳಿಗೆ ಕರೆದೊಯ್ಯುತ್ತೇನೆ. ರೊಟ್ಟಿ ಬರುವುದರೊಳಗೆ, ಒಂದು ರೊಟ್ಟಿಗೆ ಏನೇನು ಬೇಕು ಎಂದು ಚೀಟಿಯಲ್ಲಿ ಬರೆಯಿರಿ ಅನ್ನುತ್ತೇನೆ. ಜೋಳ, ನೀರು, ಉಪ್ಪು, ಗ್ಯಾಸು. ಇಲ್ಲಿಯ ತನಕ ಗಿರಣಿ ಎಂದು ಬರೆದವಳು ಒಬ್ಬಳೇ. ಅವಳು ಸಿಂದಗಿಯವಳು.